64 ವರ್ಷ ಒಂದೇ ಊರಿನ ಶಾಸಕ

ಪ್ರಶ್ನೆ: ಅಮೆರಿಕಾದ ಮ್ಯಾಡಿಸನ್‌ನಲ್ಲಿರೋ ನಮ್ಮಣ್ಣನ ಮಗ ಫೋನಲ್ಲಿ ಹೇಳ್ತಿದ್ದ, ಅಲ್ಲೊಬ್ರು 64 ವರ್ಷ ಎಮ್ಮೆಲ್ಲೆ ಆಗಿದ್ರಂತೆ. ನಿಜಾನಾ ಸಾರ್? ಯಾರವ್ರು?
– ಓದುಗರು, ಅರಸೀಕೆರೆ

ಉತ್ತರ: ನಿಜ ಕಣ್ರೀ. ಫ್ರೆಡ್ ರಿಸ್ಸರ್ ಅಂತ. 1927ರಲ್ಲಿ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲೇ ಹುಟ್ಟಿದ್ದು, ಎರಡನೇ ಮಹಾಯುದ್ಧದ ಟೈಮಲ್ಲಿ ನೇವಿ ಸೇರಿದ್ರು, ಆಮೇಲೆ ಲಾ ಓದಿ ವಕೀಲ್ರಾಗಿ 1956ರಲ್ಲಿ ಡೆಮಾಕ್ರಟಿಕ್ ಪಾರ್ಟಿಯಿಂದ ವಿಸ್ಕಾನ್ಸಿನ್ ಅಸೆಂಬ್ಲಿಗೆ ಗೆದ್ರು. 1962ರಲ್ಲಿ ರಾಜ್ಯದ ಮೇಲ್ಮನೆ ಸೆನೆಟ್‌ಗೆ ಹೋದ್ರು. ನಮ್ಮ ಹೊಳೆನರಸೀಪುರದಿಂದ ದೇವೇಗೌಡ್ರು ಪಕ್ಷೇತರರಾಗಿ ಮೊದಲ್ನೇ ಸಲ ಗೆದ್ದಿದ್ದೂ ಅದೇ ವರ್ಷ, ಎಷ್ಟು ಹಳೇ ಮಾತು ಲೆಕ್ಕ ಹಾಕ್ಕೊಳಿ. ಗೌಡ್ರು ದೆಹಲಿಗೆ ಹೋಗಿ ಪ್ರಧಾನಿನೂ ಆದ್ರು, ರಿಸ್ಸರ್ ಮಾತ್ರ 2021ರ ಜನವರಿವರೆಗೂ ಅದೇ ಮ್ಯಾಡಿಸನ್ ವಿಧಾನಸೌಧದಲ್ಲೇ ಇದ್ರು. ಅಮೆರಿಕಾದಲ್ಲಿ ಅಷ್ಟು ವರ್ಷ ರಾಜ್ಯದ ಶಾಸಕರಾಗಿದ್ದೋರು ಇನ್ನೊಬ್ರಿಲ್ಲ.

ಅಲ್ಲಿನ ಸೆನೆಟ್ ನಮ್ಮ ವಿಧಾನ ಪರಿಷತ್ ತರ ಅಲ್ಲ, ನಾಲ್ಕು ವರ್ಷಕ್ಕೊಂದ್ಸಲ ಜನಾನೇ ನೇರವಾಗಿ ಓಟು ಹಾಕಿ ಗೆಲ್ಲಿಸ್ಬೇಕು. ರಿಸ್ಸರ್ ಅವ್ರ ಮುತ್ತಾತ, ತಾತ, ಅಪ್ಪನೂ ಶಾಸಕರೇ, ಆದ್ರೆ ನಾಲ್ಕೂ ತಲೆಮಾರು ನಾಲ್ಕು ಬೇರೆ ಬೇರೆ ಪಾರ್ಟಿ!

ನಂಗೆ ಅವ್ರ ಮೇಲೆ ಗೌರವ ಇರೋದು ಸಿಗರೇಟ್ ವಿಚಾರಕ್ಕೆ. ಹಾಸನದ ಬಸ್ ಸ್ಟ್ಯಾಂಡ್ ಹತ್ರ ಹೋಟ್ಲಲ್ಲಿ ನಾನು ಚಿಕ್ಕೋನಿದ್ದಾಗ ಬೀಡಿ ಹೊಗೆ ಎಷ್ಟಿರ್ತಿತ್ತು ಅಂದ್ರೆ ಇಡ್ಲಿ ತಟ್ಟೆಗೂ ಅದೇ ವಾಸ್ನೆ, ಪಕ್ಕದಲ್ಲಿ ಕೂಸು ಎತ್ಕೊಂಡಿರೋ ತಾಯಿ ಸೆರಗು ಮೂಗಿಗೆ ಹಿಡ್ಕೊಂಡು ಕೂತಿರೋಳು, ಯಾರೂ ಕೇಳ್ತಿರ್ಲಿಲ್ಲ. ಅಂಥ ಹೊಗೆ ವಿರುದ್ಧ ರಿಸ್ಸರ್ ವರ್ಷಗಟ್ಟಲೆ ಬಿಡದೆ ಹೋರಾಡಿದ್ರು, ಕೊನೆಗೆ 2010ರ ಜುಲೈ 5ರಿಂದ ಇಡೀ ವಿಸ್ಕಾನ್ಸಿನ್‌ನಲ್ಲಿ ಹೋಟ್ಲು, ಬಾರು, ಆಫೀಸು ಎಲ್ಲಾ ಕಡೆ ಒಳಗೆ ಸೇದೋದು ನಿಂತೋಯ್ತು.

ಇನ್ನೊಂದು, 2011ರಲ್ಲಿ ಗವರ್ನರ್ (ನಮ್ಮ ಮುಖ್ಯಮಂತ್ರಿ ತರ) ಸ್ಕಾಟ್ ವಾಕರ್ ಸರ್ಕಾರಿ ನೌಕರರ ಯೂನಿಯನ್ ಹಕ್ಕು ಕಡಿಮೆ ಮಾಡೋ ಬಿಲ್ ತಂದ್ರು. ಹಣದ ಬಿಲ್‌ಗೆ ಸೆನೆಟ್‌ನ 33ರಲ್ಲಿ 20 ಜನ ಸದನದಲ್ಲಿರ್ಬೇಕು, ವಾಕರ್ ಪಾರ್ಟಿಯ ರಿಪಬ್ಲಿಕನ್ನರು ಇದ್ದಿದ್ದು 19. ಅದಕ್ಕೆ 14 ಡೆಮಾಕ್ರಾಟ್‌ಗಳು ಪಕ್ಕದ ಇಲಿನಾಯ್ ರಾಜ್ಯಕ್ಕೆ ಹೊರಟೋದ್ರು, ಅದ್ರಲ್ಲಿ 83 ವರ್ಷದ ರಿಸ್ಸರ್ ಕೂಡ. ನಮ್ಮ ರೆಸಾರ್ಟ್ ಕಥೆ ಅಂದ್ಕೋಬೇಡಿ, ಇವ್ರು ಯಾವ ಕುರ್ಚಿಗೂ ಹೋಗಿದ್ದಲ್ಲ. ಸುಮಾರು ಮೂರು ವಾರ ಅಲ್ಲೇ ಇದ್ರು. ಬಿಲ್‌ನಿಂದ ಹಣದ ಭಾಗ ತೆಗೆದು ರಿಪಬ್ಲಿಕನ್ನರು ಪಾಸ್ ಮಾಡ್ಕೊಂಡ್ರು, ಅದು ಬೇರೆ ಮಾತು. ಜನ ಮಾತ್ರ 2012ರಲ್ಲೂ 2016ರಲ್ಲೂ ರಿಸ್ಸರ್‌ನ ಮತ್ತೆ ಗೆಲ್ಸಿದ್ರು, 2020ರಲ್ಲಿ ಅವ್ರೇ ಸಾಕು ಅಂದ್ರು, ಬಿಟ್ಟಾಗ 93 ವರ್ಷ.

ಮೆಂಡೋಟ, ಮೊನೋನ ಅಂತ ಎರಡು ಕೆರೆ ಮಧ್ಯೆ ಇದೆ ಆ ವಿಧಾನಸೌಧ. ಅಣ್ಣನ ಮಗನಿಗೆ ಒಂದ್ಸಲ ಒಳಗೆ ಹೋಗಿ ನೋಡ್ಕೊಂಡ್ ಬರೋಕೆ ಹೇಳಿ.