ಶಿರಸಿ, ಸಿದ್ದಾಪುರದ ಕಡೆ ಹಳ್ಳಿಯ ಮನೆಗಳು ಒಂದೆಡೆ ಸೇರದೆ ಚದುರಿಕೊಂಡಿರುವುದೇಕೆ?

ಅಡಿಕೆ ತೋಟ ಎಲ್ಲಿದೆಯೋ ಮನೆಯೂ ಅಲ್ಲೇ ಇರಬೇಕಾಗುವುದೇ ಇದಕ್ಕೆ ಮುಖ್ಯ ಕಾರಣ. ಉತ್ತರ ಕನ್ನಡ ಜಿಲ್ಲೆಯ 10,291 ಚದರ ಕಿಲೋಮೀಟರ್ ವಿಸ್ತೀರ್ಣದಲ್ಲಿ ಬಹುಪಾಲು ಕಾಡು. ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ತೋಟಕ್ಕೆ ಒದಗುವುದು ಗುಡ್ಡಗಳ ನಡುವಿನ, ಬೇಸಿಗೆಯಲ್ಲೂ ತೇವ ಆರದ ಕಿರಿದಾದ ಕಣಿವೆಗಳಷ್ಟೆ. ಬಯಲುಸೀಮೆಯಂತೆ ನಡುವೆ ಊರು, ಸುತ್ತ ಹೊಲ ಎನ್ನುವಷ್ಟು ಸಮತಟ್ಟಾದ ಜಾಗ ಇಲ್ಲಿ ಅಪರೂಪ.

ಇದರ ಜೊತೆಗೆ ಗೊಬ್ಬರದ ಲೆಕ್ಕವೂ ಇದೆ, ನನ್ನ ದೃಷ್ಟಿಯಲ್ಲಿ ಹೆಚ್ಚು ಸ್ವಾರಸ್ಯದ್ದು ಇದೇ. ಕಣಿವೆಯ ತಳದಲ್ಲಿ ಅಡಿಕೆ, ಮರಕ್ಕೆ ಹಬ್ಬಿದ ಕಾಳುಮೆಣಸು, ಅಂಚಿನಲ್ಲಿ ಮನೆ ಮತ್ತು ಕೊಟ್ಟಿಗೆ, ಅದರ ಹಿಂದಿನ ಇಳಿಜಾರಿನಲ್ಲಿ ‘ಸೊಪ್ಪಿನ ಬೆಟ್ಟ’, ಅಂದರೆ ತೋಟದವರು ಸೊಪ್ಪು, ಒಣಎಲೆ ತರುವ ಹಕ್ಕು ಪಡೆದಿರುವ ಕಾಡು. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಇಂಥ ಬೆಟ್ಟವನ್ನು ಬಿಟ್ಟುಕೊಡಲಾಗಿತ್ತು. ಕೊಟ್ಟಿಗೆಯಲ್ಲಿ ಹಾಸಿದ ಸೊಪ್ಪು ದನಗಳ ಕಾಲಡಿ ಸೆಗಣಿ, ಗಂಜಲದೊಂದಿಗೆ ಬೆರೆತು ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ತಲೆಹೊರೆಯಲ್ಲಿ ಸೊಪ್ಪು ಹೊರುವವರಿಗೆ ಬೆಟ್ಟ, ಕೊಟ್ಟಿಗೆ, ತೋಟ ಮೂರೂ ಹತ್ತಿರವಿದ್ದರೇ ಅನುಕೂಲ. ಹಾಗಾಗಿ ನೆರೆಮನೆ ಮುಂದಿನ ಕಣಿವೆಗೆ ಸರಿಯಿತು.