ಫೋಟೊಗ್ರಫಿ ಕ್ಲಾಸಿಗೆ ಈಗಷ್ಟೇ ಸೇರಿದ್ದೇನೆ, ವಿಜಯಪುರದಲ್ಲಿ ಕಂಪೋಸಿಷನ್ (ಚೌಕಟ್ಟಿನೊಳಗೆ ವಸ್ತುಗಳ ಜೋಡಣೆ) ಅಭ್ಯಾಸ ಹೇಗೆ ಮಾಡಲಿ?

ಕೈಯಲ್ಲಿ ಕ್ಯಾಮೆರಾ ಜೊತೆಗೇ ಬರುವ, 18ರಿಂದ 55 ಮಿ.ಮೀ. ತನಕ ಝೂಮ್ ಆಗುವ ಕಿಟ್ ಲೆನ್ಸ್ ಇದೆ, ರೂಲ್ ಆಫ್ ಥರ್ಡ್ಸ್ (ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಮುಖ್ಯ ವಸ್ತುವನ್ನು ಆ ಗೆರೆಗಳ ಮೇಲೋ ಅವು ಕೂಡುವಲ್ಲೋ ಇಡುವ ನಿಯಮ) ಬಾಯಿಪಾಠ ಆಗಿದೆ, ಆದರೂ ತೆಗೆದದ್ದೆಲ್ಲ ಕ್ಯಾಲೆಂಡರ್ ಚಿತ್ರದಂತೆ ಬರ್ತದೆ ಅಂದಿದ್ದೀರಿ. ನಾನೂ ಇದೇ ಊರಲ್ಲಿ ಕಲಿತವನು, ನನ್ನ ಮೊದಲ ವರ್ಷದ ಗತಿಯೂ ಅದೇ.

ಮೊದಲ ಕೆಲಸ: ಝೂಮ್ ರಿಂಗನ್ನು 35ಕ್ಕೆ ತಿರುಗಿಸಿ ಟೇಪ್ ಹಚ್ಚಿಬಿಡಿ. ಒಂದು ತಿಂಗಳು ಬಿಚ್ಚಬೇಡಿ. ಝೂಮ್ ಇದ್ದರೆ ನಿಂತಲ್ಲೇ ನಿಂತು ತಿರುವುತ್ತೇವೆ. ಆಗ ಚಿತ್ರ ಹಿಗ್ಗುತ್ತದೆ, ಕುಗ್ಗುತ್ತದೆ, ಅಷ್ಟೇ. ಮುಂದಿನ ವಸ್ತು ಹಿಂದಿನದರ ಮೇಲಿಂದ ಸರಿಯಬೇಕೆಂದರೆ ಕಾಲು ಎತ್ತಲೇಬೇಕು. ಗೋಳಗುಮ್ಮಟದ ಗೇಟು ದಾಟಿ ದಾರಿಯ ನಟ್ಟನಡುವೆ ನಿಂತು ನೋಡಿ. ಎದುರಿಗಿರುವ ನಗಾರಖಾನೆ, ಅಂದರೆ ಈಗಿನ ಮ್ಯೂಸಿಯಂ, ಹಿಂದಿನ ಕಟ್ಟಡದ ಬುಡವನ್ನು ಮುಚ್ಚಿರುತ್ತದೆ. ಹೊರವ್ಯಾಸವೇ ಸುಮಾರು 44 ಮೀಟರ್ ಇರುವ ಗುಮ್ಮಟ ಮಾಳಿಗೆ ಮೇಲೆ ಬೋರಲು ಹಾಕಿದ ಬೋಗುಣಿಯಂತೆ ಕಾಣುತ್ತದೆ. ಎಲ್ಲರೂ ತೆಗೆಯುವ ಫೋಟೊ ಅದೇ. ಮ್ಯೂಸಿಯಂ ದಾಟಿ ಒಂದು ಮೂಲೆಗೆ ಹೋಗಿ. 35ರಲ್ಲಿ ಇಡೀ ಕಟ್ಟಡ ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಏಳಂತಸ್ತಿನ ಒಂದು ಮಿನಾರು, ಅದರ ಬುಡದಲ್ಲಿ ನಡೆದು ಹೋಗುವ ಒಬ್ಬ ಮನುಷ್ಯ ಸಾಕು. ಆ ಮನುಷ್ಯ ಬರುವ ತನಕ ಕಾಯುವುದೂ ಅಭ್ಯಾಸವೇ.

ನನ್ನನ್ನು ಕೇಳಿದರೆ ಗೋಳಗುಮ್ಮಟಕ್ಕಿಂತ ಬಾರಾ ಕಮಾನ್ ಒಳ್ಳೆಯ ಗುರು. ಎರಡನೇ ಅಲಿ ಆದಿಲ್ ಶಾಹನ ಗೋರಿಗೆಂದು ಶುರುವಾಗಿ ಅರ್ಧಕ್ಕೇ ನಿಂತ ಕಟ್ಟಡ. ಚಾವಣಿ ಇಲ್ಲ, ಬರೀ ಕರಿಕಲ್ಲಿನ ಕಮಾನುಗಳು. ಒಂದು ಹೆಜ್ಜೆ ಎಡಕ್ಕೆ ಸರಿದರೆ ಕಮಾನಿನೊಳಗೆ ಕಮಾನು ಕೂಡುತ್ತದೆ. ಇನ್ನರ್ಧ ಹೆಜ್ಜೆಗೆ ಒಂದರ ಗೆರೆ ಇನ್ನೊಂದಕ್ಕೆ ತಾಗಿ ಎಲ್ಲ ಕಲಸುಮೇಲೋಗರ. ಹೊತ್ತು ಇಳಿಯುವಾಗ ಹೋಗಿ, ಒಂದು ತಾಸು, ಇಪ್ಪತ್ತೇ ಫೋಟೊ. ಪ್ರತಿ ಸಲ ಒತ್ತುವ ಮುಂಚೆ ನಡುವೆ ಏನಿದೆ ಅನ್ನುವುದನ್ನು ಬಿಟ್ಟು ನಾಲ್ಕು ಅಂಚುಗಳ ಮೇಲೆ ಕಣ್ಣಾಡಿಸಿ. ಆರಂಭದ ದರ್ಜೆಯ ಎಷ್ಟೋ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ತೋರಿಸುವುದು ಚೌಕಟ್ಟಿನ ಸುಮಾರು ಶೇ. 95ರಷ್ಟು ಮಾತ್ರ. ಕಣ್ಣಿಗೆ ಬೀಳದ ನೀರಿನ ಬಾಟಲಿ, ಯಾರದೋ ಮೊಣಕೈ ಫೋಟೊದಲ್ಲಿ ನುಸುಳಿರುತ್ತದೆ. ಒಂದೊಂದು ತೆಗೆದ ಮೇಲೂ ಹಿಂದಿನ ಪರದೆಯಲ್ಲಿ ಅಂಚು ನೋಡಿಕೊಳ್ಳಿ.

ಅಂಚಿನ ಪಾಠ ನನಗೆ ಕ್ಲಾಸಿನಲ್ಲಿ ಸಿಗಲಿಲ್ಲ, ಟಾಂಗಾ ಹೊಡೆಯುವ ಕಾಕಾ ಒಬ್ಬರಿಂದ ಸಿಕ್ಕಿತು. ಅವರ ಕುದುರೆಯ ಫೋಟೊ ತೆಗೆದು ಹೆಮ್ಮೆಯಿಂದ ತೋರಿಸಿದೆ. ಬೆಳಕು ಛಲೋ ಬಿದ್ದಿತ್ತು, ಕುದುರೆಯ ಕಣ್ಣು ಸರಿಯಾಗಿ ಥರ್ಡ್ಸ್ ಗೆರೆ ಕೂಡುವಲ್ಲೇ ಇತ್ತು. ಕಾಕಾ ಎರಡು ನಿಮಿಷ ನೋಡಿ, “ಎಲ್ಲಾ ಖರೆ ತಮ್ಮಾ, ಕುದರಿ ಗೊರಸ ಎಲ್ಲಿ ಹೋದ್ವು? ಕಾಲಿಲ್ಲದ ಕುದರಿ ಹೆಂಗ ಓಡ್ತದ?” ಅಂದರು. ಚೌಕಟ್ಟು ಗೊರಸಿನ ಗೆಣ್ಣಿಗೇ ಕತ್ತರಿಸಿತ್ತು. ಮನುಷ್ಯರದ್ದೂ ಹಾಗೇ, ಮಣಿಕಟ್ಟು, ಮೊಣಕಾಲು, ಕಾಲಿನ ಹರಡು, ಹೀಗೆ ಕೀಲು ಇರುವಲ್ಲಿ ಕತ್ತರಿಸಿದರೆ ಕೈಕಾಲೇ ಮುರಿದಂತೆ ಕಾಣುತ್ತದೆ. ತೊಡೆಯ ನಡುಮಧ್ಯ ಕತ್ತರಿಸಿದರೆ ಹಾಗನಿಸುವುದಿಲ್ಲ. ಮರುವಾರ ಪೂರಾ ಕುದುರೆ ತೆಗೆದು ಪ್ರಿಂಟ್ ಕೊಟ್ಟೆ. “ಕುದರಿ ಬಂತು, ನಾನ ಅರ್ಧಾ ಆಗೀನಲ್ಲೋ” ಅಂದರು.

ಗೆರೆಗಳ ಅಭ್ಯಾಸಕ್ಕೆ ಉಪ್ಪಲಿ ಬುರುಜು ನೋಡಿ, ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಕಣ್ಣನ್ನು ತಾನೇ ಮೇಲಕ್ಕೆ ಕರೆದೊಯ್ಯುತ್ತದೆ. ಬೇಸಿಗೆಯಲ್ಲಿ ಮುಂಜಾನೆಯೇ ಹತ್ತಿ ಇಳಿದುಬಿಡಿ. ಟ್ರೈಪಾಡ್ ಮನೆಯಲ್ಲೇ ಇರಲಿ, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು.

ವಾರಕ್ಕೊಮ್ಮೆ ಹತ್ತು ಫೋಟೊ ಆರಿಸಿ 4x6 ಪ್ರಿಂಟ್ ಹಾಕಿಸಿ. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಿಂದ ಇಂಗ್ಲಿಷಿನ ‘ಎಲ್’ ಆಕಾರದ ಎರಡು ತುಂಡು ಕತ್ತರಿಸಿಕೊಳ್ಳಿ. ಎರಡನ್ನೂ ಎದುರುಬದುರು ಪ್ರಿಂಟಿನ ಮೇಲಿಟ್ಟು ಜರುಗಿಸಿದರೆ ಚೌಕಟ್ಟು ಬೇಕಾದಂತೆ ಕಿರಿದಾಗುತ್ತದೆ. ಎಲ್ಲಿಗೆ ತಂದಾಗ ಚಿತ್ರ ಗಟ್ಟಿಯಾಯಿತೋ ಅಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಮುಂದಿನ ವಾರ ಅದೇ ಜಾಗಕ್ಕೆ ಹೋಗಿ, ಆ ಗೆರೆಯೊಳಗಿನದಷ್ಟೇ ಬರುವಂತೆ ಎಷ್ಟು ಹೆಜ್ಜೆ ಮುಂದೆ ನಿಲ್ಲಬೇಕು ಅಂತ ಹುಡುಕಿ. ನನಗೆ ಬಾರಾ ಕಮಾನಿನಲ್ಲಿ ಒಮ್ಮೆ ಹದಿನೇಳು ಹೆಜ್ಜೆ ಬೇಕಾಗಿದ್ದವು.