ಗುರುವಾರದ ಚಹಾಕ್ಕೆ ಹಾಜರಿ ಪುಸ್ತಕ ಬೇಕಾ?

ಪ್ರಶ್ನೆ: ಅಕ್ಕಾ, ನಾನು ಬದಿಯಡ್ಕ ಕಡೆಯವಳು. ಕಾಸರಗೋಡು ಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಸ್ಟಾಫ್ ನರ್ಸ್. ಎರಡು ವರ್ಷದ ಹಿಂದೆ ನಮ್ಮ ವಾರ್ಡಿನ ಹೊಸ ಹುಡುಗಿಯೊಬ್ಬಳು ನೈಟ್ ಡ್ಯೂಟಿಯಲ್ಲಿ ಇನ್ಸುಲಿನ್ ಜಾಸ್ತಿ ಕೊಟ್ಟುಬಿಟ್ಟಳು. ಬೇಗ ಗೊತ್ತಾಯಿತು, ಗ್ಲೂಕೋಸ್ ಹಾಕಿದೆವು, ರೋಗಿಗೆ ಏನೂ ಆಗಲಿಲ್ಲ. ಆದರೆ ಅವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಒಂದೇ ಸಮನೆ ಅಳುತ್ತಿದ್ದಳು. ಬೆಳಿಗ್ಗೆ ಹ್ಯಾಂಡೋವರ್ ಆದ ಮೇಲೆ ನಾವು ನಾಲ್ಕು ಜನ ಅವಳನ್ನು ಕ್ಯಾಂಟೀನಿನ ಹಿಂದೆ ಕರೆದುಕೊಂಡು ಹೋಗಿ ಚಹಾ ಕುಡಿಸಿದೆವು. ಅದೇ ರೂಢಿಯಾಯಿತು. ಈಗ ಪ್ರತಿ ಗುರುವಾರ ಹತ್ತು ಹನ್ನೆರಡು ಜನ ಸೇರುತ್ತೇವೆ. ಕನ್ನಡದವರು, ತುಳುವಿನವರು, ಮಲಯಾಳದವರು, ಬ್ಯಾರಿ ಮಾತಾಡುವ ಕ್ಲೀನಿಂಗಿನ ಅಕ್ಕ, ಕಿವಿ ಸರಿ ಕೇಳಿಸದೆ ಮಿಷನ್ ಹಾಕಿಕೊಳ್ಳುವ ಲ್ಯಾಬಿನ ಹುಡುಗ ಎಲ್ಲ ಇದ್ದಾರೆ.

ಈಗ ಎಚ್‌ಆರ್‌ನವರು ಇದನ್ನು ಆಸ್ಪತ್ರೆಯ ಅಧಿಕೃತ ಡೈವರ್ಸಿಟಿ ಗ್ರೂಪ್, ಅಂದರೆ ಬೇರೆ ಬೇರೆ ಹಿನ್ನೆಲೆಯ ನೌಕರರು ಸೇರುವ ಗುಂಪು ಮಾಡೋಣ, ನೀವೇ ಕೋಆರ್ಡಿನೇಟರ್ ಆಗಿ ಎನ್ನುತ್ತಿದ್ದಾರೆ. ರೂಮ್ ಕೊಡುತ್ತಾರಂತೆ, ಡ್ಯೂಟಿ ಟೈಮಲ್ಲೇ ಅರ್ಧ ಗಂಟೆ ಬಿಡುತ್ತಾರಂತೆ. ಆದರೆ ಯಾರು ಬಂದರು, ಏನು ಮಾತಾಡಿದರು ಎಂದು ಪ್ರತಿ ವಾರ ಬರೆದು ಕೊಡಬೇಕು, ಫೋಟೋ ಬೇಕು. ಕೆಲವರು ಒಪ್ಪಿಕೋ ಅಂತಾರೆ. ಕೆಲವರು ನಾವು ಇನ್ನು ಬರುವುದಿಲ್ಲ ಅಂತಾರೆ. ನಮ್ಮ ಸೀನಿಯರ್ ಒಬ್ಬರು ಇದನ್ನು ಕನ್ನಡದವರಿಗೆ ಮಾತ್ರ ಇಟ್ಟುಕೊಂಡಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಎಂದರು. ನಾನು ಏನು ಮಾಡಲಿ?

ಉತ್ತರ: ನನ್ನನ್ನು ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ಬಹುವಚನ ಬಿಟ್ಟೇ ಬರೆಯುತ್ತೇನೆ ತಂಗಿ.

ರೂಮ್ ತೆಗೆದುಕೋ. ಅರ್ಧ ಗಂಟೆಯನ್ನೂ ತೆಗೆದುಕೋ. ಪುಸ್ತಕ ಮಾತ್ರ ಬೇಡ ಎಂದು ಹೇಳು. ಇದು ನನ್ನ ಉತ್ತರ. ಯಾಕೆ ಅಂತ ಹೇಳುತ್ತೇನೆ.

ಆ ದಿನ ನೀವು ನಾಲ್ಕು ಜನ ಮಾಡಿದ ಕೆಲಸ ಸಣ್ಣದಲ್ಲ ಮಾರಾಯ್ತಿ. ಚಿಕಿತ್ಸೆಯಲ್ಲಿ ತಪ್ಪಾದರೆ ಮೊದಲ ಪೆಟ್ಟು ರೋಗಿಗೆ, ಎರಡನೆಯ ಪೆಟ್ಟು ಆ ತಪ್ಪು ಮಾಡಿದ ಡಾಕ್ಟರಿಗೋ ನರ್ಸಿಗೋ ಬೀಳುತ್ತದೆ ಎಂದು ಅಮೆರಿಕದ ಡಾ. ಆಲ್ಬರ್ಟ್ ವೂ 2000ದಲ್ಲಿ ಬರೆದರು. ಅಂಥವರನ್ನು 'ಎರಡನೆಯ ಬಲಿಪಶು' ಎಂದು ಕರೆದರು. ಆ ಹೆಸರು ಸರಿಯಲ್ಲ ಎಂದು ರೋಗಿಗಳ ಮನೆಯವರು ಹೇಳಿದ್ದೂ ಉಂಟು. ಅವರ ನೋವೂ ನ್ಯಾಯವೇ. ಆದರೆ ಹೆಸರು ಏನೇ ಇರಲಿ, ಆ ಪೆಟ್ಟು ನಿಜ. ನಿದ್ದೆ ಬರುವುದಿಲ್ಲ, ಸಿರಿಂಜ್ ಹಿಡಿದರೆ ಕೈ ನಡುಗುತ್ತದೆ, ಕೆಲವರು ಕೆಲಸವನ್ನೇ ಬಿಡುತ್ತಾರೆ. ಅಲ್ಲಿನ ಮಿಸೌರಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಇದಕ್ಕಾಗಿಯೇ ಜೊತೆ ಕೆಲಸದವರಿಗೆ ತರಬೇತಿ ಕೊಟ್ಟು ಒಂದು ತಂಡ ಕಟ್ಟಿದರು. ತಪ್ಪಾದ ಹೊತ್ತಿಗೆ ಪಕ್ಕದಲ್ಲಿ ಕೂರುವುದು, ಕೇಳಿಸಿಕೊಳ್ಳುವುದು, ಜಾಸ್ತಿ ಬೇಕಾದರೆ ದೊಡ್ಡ ಸಹಾಯಕ್ಕೆ ದಾರಿ ತೋರಿಸುವುದು ಅವರ ಕೆಲಸ. ನೀವು ಇದನ್ನು ಯಾರೂ ಹೇಳಿಕೊಡದೆ ಕ್ಯಾಂಟೀನಿನ ಹಿಂದೆ ಮಾಡಿದ್ದೀರಿ.

ಈಗ ಯೋಚನೆ ಮಾಡು. ಆ ಹುಡುಗಿ ಅಳುವಾಗ ಒಬ್ಬರು ಪೆನ್ನು ಹಿಡಿದು ಎದುರಿಗೆ ಕೂತಿದ್ದರೆ ಅವಳು ಬಾಯಿ ಬಿಡುತ್ತಿದ್ದಳಾ? ನಡೆದ ತಪ್ಪನ್ನು ಬರೆಯಲಿಕ್ಕೆ ಇನ್ಸಿಡೆಂಟ್ ರಿಪೋರ್ಟ್ ಬೇರೆಯೇ ಉಂಟು. ಅದನ್ನು ಬರೆಯಲೇಬೇಕು, ಮುಚ್ಚಿಡಬಾರದು, ರೋಗಿಯ ಜೀವದ ಪ್ರಶ್ನೆ. ಆದರೆ 'ನನಗೆ ಇನ್ನು ಈ ಕೆಲಸ ಆಗುವುದಿಲ್ಲ ಅನಿಸುತ್ತದೆ' ಎಂಬ ಮಾತು ಫೈಲಿಗೆ ಹೋಗುವ ಮಾತಲ್ಲ. ಎಚ್‌ಆರ್‌ನವರಿಗೆ ಲೆಕ್ಕ ಬೇಕು, ಅದು ನನಗೂ ಅರ್ಥವಾಗುತ್ತದೆ, ಇನ್‌ಸ್ಪೆಕ್ಷನ್ನಿಗೆ ಬಂದವರು ಕೇಳುತ್ತಾರೆ. ಹಾಗಿದ್ದರೆ ಗುರುವಾರ ಕೂಟ ನಡೆಯಿತು, ಇಷ್ಟು ಜನ ಇದ್ದರು ಎಂದು ಒಂದು ಸಾಲು ಬರೆದು ಕೊಡು. ಹೆಸರು ಬೇಡ, ಮಾತು ಬೇಡ. ಫೋಟೋ ಬೇಕೇ ಬೇಕಾದರೆ ವರ್ಷಕ್ಕೊಮ್ಮೆ, ಇಷ್ಟ ಇದ್ದವರು ಮಾತ್ರ ನಿಂತುಕೊಳ್ಳಲಿ. ಇದನ್ನು ಬಾಯಲ್ಲಿ ಒಪ್ಪಿಸಿ ಬಿಡಬೇಡ, ಮೇಲ್ ಹಾಕಿ ಒಪ್ಪಿಗೆ ತೆಗೆದುಕೋ. ಇವತ್ತಿನ ಎಚ್‌ಆರ್ ಒಳ್ಳೆಯವರಿರಬಹುದು, ನಾಳೆ ಯಾರು ಬರುತ್ತಾರೋ.

ಒಂದು ಮಾತು ನಿಮ್ಮೊಳಗೂ ಸ್ಪಷ್ಟ ಇರಲಿ. ಗುಟ್ಟಿಗೂ ಮಿತಿ ಉಂಟು. ಯಾರಾದರೂ ಬದುಕುವುದೇ ಬೇಡ ಅನಿಸುತ್ತದೆ ಎಂದರೆ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಮನೆಗೆ ಹೋಗಬೇಡಿ. ಅವರನ್ನು ಒಂಟಿ ಬಿಡದೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಹಾಗೆಯೇ ಯಾರಾದರೂ ಮೈ ಮುಟ್ಟಿದ, ಕೆಟ್ಟದಾಗಿ ಮಾತಾಡಿದ ವಿಷಯ ಬಂದರೆ ಚಹಾ ಕುಡಿಸಿ ಸಮಾಧಾನ ಮಾಡಿದರೆ ಸಾಲದು. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಜಾಗದಲ್ಲಿ ದೂರು ಸಮಿತಿ ಇರಲೇಬೇಕು. ದೂರು ಕೊಡಲಿಕ್ಕೆ ಮೂರು ತಿಂಗಳ ಗಡುವು ಉಂಟು. ಸುಮ್ನೆ ದಿನ ಕಳೆಯಬಾರದು.

ಇನ್ನು, ಬರೆಯಲೇಬೇಕಾದ ಪುಸ್ತಕ ಒಂದುಂಟು. ಅದು ಬೇರೆ ಪುಸ್ತಕ.

ನಮ್ಮ ಅತ್ತೆಯನ್ನು ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ನಾನೇ ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆ ನಿಲ್ಲುವವಳು. ಪಕ್ಕದ ಬೆಡ್ಡಿನಲ್ಲಿ ಪೈವಳಿಕೆ ಕಡೆಯ ಒಬ್ಬರು ಅಜ್ಜಿ, ಬರೀ ತುಳು. ಡ್ಯೂಟಿ ಡಾಕ್ಟರು ಕೇರಳದ ತೆಂಕಿನ ಜಿಲ್ಲೆಯವರು, ಒಳ್ಳೆ ಹುಡುಗ. 'ಪನಿ ಉಂಡೋ ಅಮ್ಮೇ' ಎಂದು ಕೇಳಿದರು. ಮಲಯಾಳದಲ್ಲಿ ಪನಿ ಎಂದರೆ ಜ್ವರ. ತುಳುವಿನಲ್ಲಿ ತುಂತುರು ಮಳೆ. ಅಜ್ಜಿ ಕಿಟಕಿ ಕಡೆ ನೋಡಿ 'ಇಜ್ಜಿ', ಇಲ್ಲ ಎಂದರು. ಆಮೇಲೆ ಆಚೆ ವಾರ್ಡಿನಿಂದ ತುಳು ಬರುವ ಕನ್ನಡದ ಸಿಸ್ಟರ್ ಒಬ್ಬಳನ್ನು ಕರೆಸಿದರು. ಅವಳು ಕೈಯಲ್ಲಿದ್ದ ಟ್ರೇಯನ್ನು ಅಲ್ಲೇ ಕಿಟಕಿ ಕಟ್ಟೆಯ ಮೇಲಿಟ್ಟು, ಬಗ್ಗಿ ಅಜ್ಜಿಯ ಕಿವಿಯ ಹತ್ತಿರ ಕೇಳಿದಳು. ಮೂರು ದಿನದಿಂದ ಚಳಿಜ್ವರ, ಬಂಜಿ ಬೇನೆ (ಹೊಟ್ಟೆನೋವು), ತರೆ ತಿರ್ಗುಂಡು (ತಲೆ ತಿರುಗುತ್ತದೆ), ಎಲ್ಲ ಹೊರಗೆ ಬಂತು. ಹತ್ತು ನಿಮಿಷ ಆಯಿತು. ಅವಳ ವಾರ್ಡಿನ ಇನ್‌ಚಾರ್ಜ್ ಬಾಗಿಲಲ್ಲಿ ಬಂದು ನಿಂತು, ನಿನ್ನ ಇಂಜೆಕ್ಷನ್ ಟೈಮ್ ದಾಟಿತು ಎಂದು ಬೈದರು.

ನಿನಗೂ ಇದು ಆಗಿರಬೇಕು, ಅಲ್ವಾ? ಭಾಷೆ ಗೊತ್ತಿರುವ ಸಿಸ್ಟರನ್ನು ಕರೀರಿ ಎಂದು ದಿನಕ್ಕೆ ನಾಲ್ಕು ಸಲ ಕರೆಯುತ್ತಾರೆ. ಅದು ಡ್ಯೂಟಿ ಲಿಸ್ಟಿನಲ್ಲಿಲ್ಲ, ಸಂಬಳದಲ್ಲಿಲ್ಲ, ತಡವಾದರೆ ತಪ್ಪು ಮಾತ್ರ ನಿನ್ನದು. ಇಂಥದ್ದನ್ನೆಲ್ಲ ಬರೆಯಿರಿ. ಯಾವ ದಿನ, ಯಾವ ವಾರ್ಡು, ಎಷ್ಟು ಹೊತ್ತು. ಎರಡು ತಿಂಗಳು ಬರೆದರೆ ಸಾಕು, ಒಂದು ಶಿಫ್ಟಿಗೆ ಒಬ್ಬರನ್ನಾದರೂ ದುಭಾಷಿ ಕೆಲಸಕ್ಕೆಂದೇ ಬಿಡಿ ಎಂದು ಕೇಳಲಿಕ್ಕೆ ನಿಮ್ಮ ಹತ್ತಿರ ಲೆಕ್ಕ ಇರುತ್ತದೆ. ಬೋರ್ಡುಗಳು, ಔಷಧಿ ಚೀಟಿಯ ಸೂಚನೆ, ಸಹಿ ಹಾಕಿಸುವ ಒಪ್ಪಿಗೆ ಪತ್ರ ಕನ್ನಡದಲ್ಲೂ ಇರಲಿ ಎಂದು ಕೇಳಿ. ಎದುರಿನವರು ಮಾಸ್ಕ್ ಹಾಕಿ ಮಾತಾಡಿದರೆ ಲ್ಯಾಬಿನ ಹುಡುಗನಿಗೆ ತುಟಿ ಕಾಣುವುದಿಲ್ಲ. ಅವನಿಗೆ ಬರುವ ಸೂಚನೆಗಳು ಫೋನಿನಲ್ಲಿ ಅಲ್ಲ, ಬರಹದಲ್ಲಿ ಬರಲಿ. ಅವನು ಅದನ್ನು ಬೇಡಿ ಪಡೆಯಬೇಕಾಗಿಲ್ಲ. ಅಂಗವಿಕಲರ ಹಕ್ಕಿನ 2016ರ ಕಾನೂನು ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು ಎನ್ನುತ್ತದೆ. ಅದು ಎಲ್ಲಿದೆ ಎಂದು ಕೇಳಿ. ಈ ಬೇಡಿಕೆಗಳ ಕಾಗದದಲ್ಲಿ ಎಲ್ಲರೂ ಧೈರ್ಯವಾಗಿ ಸಹಿ ಹಾಕಬಹುದು, ಯಾಕೆಂದರೆ ಇದರಲ್ಲಿ ಯಾರ ಕಣ್ಣೀರೂ ಇಲ್ಲ. ನೋವು ಹೇಳುವ ಜಾಗ, ಬೇಡಿಕೆ ಇಡುವ ಜಾಗ ಎರಡನ್ನೂ ಬೇರೆ ಬೇರೆ ಇಡಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ನೌಕರರೇ ಕಟ್ಟಿದ ಇಂಥ ಗುಂಪುಗಳು ಹೊಸತೇನಲ್ಲ. ಅಮೆರಿಕದಲ್ಲಿ ಝೆರಾಕ್ಸ್ ಕಂಪನಿಯ ಕಪ್ಪು ನೌಕರರು 1970ರ ಹೊತ್ತಿಗೇ ಹೀಗೆ ಸೇರಿದ್ದರು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲೂ ಬೇರೆ ಬೇರೆ ಜನಾಂಗದ, ಅಂಗವಿಕಲ ನೌಕರರ ಗುಂಪುಗಳಿವೆ, ನಮ್ಮ ಕಡೆಯ ಎಷ್ಟೋ ನರ್ಸುಗಳು ಅಲ್ಲಿದ್ದಾರೆ. ನಿನ್ನ ಜೊತೆಯ ಮಲಯಾಳದ ಹುಡುಗಿಯರ ಅಕ್ಕನೋ ಅತ್ತಿಗೆಯೋ ಖಂಡಿತ ಇದ್ದಾರು, ಫೋನ್ ಮಾಡಿ ಕೇಳು, ಅವರು ಹೇಗೆ ನಡೆಸುತ್ತಾರೆ ಅಂತ. ಕೆಲವು ಕಡೆ ಗುಂಪು ನಡೆಸುವವರಿಗೆ ಅದಕ್ಕೆಂದೇ ಡ್ಯೂಟಿಯಲ್ಲಿ ಸಮಯ ಬಿಡುತ್ತಾರೆ. ನೀನೂ ಅದನ್ನೇ ಕೇಳು. ಕೋಆರ್ಡಿನೇಟರ್ ಎಂಬ ಬ್ಯಾಡ್ಜ್ ಕೊಟ್ಟು, ರಜೆ ದಿನ ಮನೆಯಲ್ಲಿ ಕೂತು ರಿಪೋರ್ಟ್ ಟೈಪ್ ಮಾಡಿಸಿದರೆ ಆರು ತಿಂಗಳಲ್ಲಿ ನೀನೇ ಬಳಲಿ ಬಿಡುತ್ತೀಯ. ಒಬ್ಬಳೇ ಆಗಬೇಡ, ಮೂರು ಜನ ಆಗಿ, ವರ್ಷಕ್ಕೊಮ್ಮೆ ಬದಲಾಗಿ.

ಸಂಬಳ, ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಎಂದು ಬರೆಸಿಕೊಳ್ಳುವ ಬಾಂಡ್, ಡ್ಯೂಟಿ ಗಂಟೆ ಇವೆಲ್ಲ ಯೂನಿಯನ್ನಿನ ಕೆಲಸ. 2011ರಲ್ಲಿ ಶುರುವಾದ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಕೇರಳದ ಖಾಸಗಿ ಆಸ್ಪತ್ರೆಗಳಲ್ಲಿ ಎಂಥ ಹೋರಾಟ ಮಾಡಿತು ಎಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮ ಗುರುವಾರದ ಕೂಟ ಅದರ ಬದಲಿಗೆ ಅಲ್ಲ, ಅದಕ್ಕೆ ಎದುರೂ ಅಲ್ಲ. ನಿಮಗೆ ಈಗ ಗ್ರೂಪ್ ಉಂಟಲ್ಲ, ಯೂನಿಯನ್ ಯಾಕೆ ಎಂದು ಯಾರಾದರೂ ಕೇಳಿದರೆ ಒಪ್ಪಬೇಡ.

ನಿನ್ನ ಸೀನಿಯರ್ ಹೇಳಿದ ಮಾತಿಗೆ ಬರುತ್ತೇನೆ. ಅವರ ಮೇಲೆ ಸಿಟ್ಟು ಮಾಡಬೇಡ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇಲ್ಲಿಯ ಕನ್ನಡದವರು ಪ್ರತಿ ಕಚೇರಿಯಲ್ಲೂ ತಮ್ಮ ಭಾಷೆಗೆ ಜಾಗ ಕೇಳುತ್ತಲೇ ಬಂದವರು. ನಮ್ಮದು ಅಂತ ಒಂದು ಮೂಲೆ ಬೇಕು ಅನ್ನುವ ಆಸೆ ತಪ್ಪಲ್ಲ. ಬೇಕಿದ್ದರೆ ತಿಂಗಳಿಗೊಮ್ಮೆ ಕನ್ನಡ ತುಳುವಿನವರೇ ಕೂತುಕೊಳ್ಳಿ, ದುಭಾಷಿ ಕೆಲಸದ ಲೆಕ್ಕವನ್ನು ಅಲ್ಲಿ ನೋಡಿ. ಆದರೆ ಗುರುವಾರದ ಬಾಗಿಲು ಹಾಕಬೇಡಿ. 2020ರ ಮಾರ್ಚಿನಲ್ಲಿ ಕೊರೊನಾ ಎಂದು ಕರ್ನಾಟಕದವರು ತಲಪಾಡಿಯ ಗಡಿ ಮುಚ್ಚಿದಾಗ ಆಂಬುಲೆನ್ಸುಗಳು ಈಚೆ ಬದಿಯಲ್ಲೇ ನಿಂತವು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜನ ಸತ್ತರು. ಅವರಲ್ಲಿ ಯಾರ ಮನೆಮಾತು ಯಾವುದು ಎಂದು ಆಗ ನಮ್ಮಲ್ಲಿ ಯಾರೂ ಕೇಳಲಿಲ್ಲ. ಆ ಬ್ಯಾರಿ ಅಕ್ಕ ಡಾಕ್ಟರುಗಳ ಎದುರು ಬಾಯಿ ಬಿಡುವುದಿಲ್ಲ, ನಿಮ್ಮ ಎದುರು ಬಿಡುತ್ತಾಳೆ ಅಂತಾದರೆ ಅವಳನ್ನು ಕಳುಹಿಸುವುದು ಹೇಗೆ? ಅವಳು ಮಾತಾಡುವಾಗ ಪಕ್ಕದವರು ಮೆಲ್ಲ ಕನ್ನಡದಲ್ಲಿ ಹೇಳಲಿ, ಕನ್ನಡದವರು ಮಾತಾಡುವಾಗ ಮಲಯಾಳದಲ್ಲಿ ಹೇಳಲಿ. ಲ್ಯಾಬಿನ ಹುಡುಗನಿಗೆ ಬೆಳಕು ಬೀಳುವ ಕಡೆ ಮುಖ ಕಾಣುವ ಹಾಗೆ ಕೂರಿ. ಸ್ವಲ್ಪ ನಿಧಾನ ಆಗುತ್ತದೆ. ಆಗಲಿ.

ಎಚ್‌ಆರ್‌ಗೆ ಉತ್ತರ ಕೊಡುವ ಮೊದಲು ಒಂದು ಕೆಲಸ ಮಾಡು. ಇನ್ಸುಲಿನ್ ಕೊಟ್ಟ ಆ ಹುಡುಗಿಯ ಬಗ್ಗೆ ನೀನು ಪತ್ರದಲ್ಲಿ ಮುಂದೆ ಏನೂ ಬರೆದಿಲ್ಲ. ಅವಳು ಈಗಲೂ ಗುರುವಾರ ಬರುತ್ತಾಳಾ? ಕೂಟ ಶುರುವಾದದ್ದು ಅವಳಿಂದ. ಅಧಿಕೃತ ಆದರೆ ಇದು ಹೇಗೆ ಶುರುವಾಯಿತು ಎಂದು ಎಲ್ಲರೂ ಕೇಳುತ್ತಾರೆ, ಕಥೆ ಹೊರಗೆ ಬರುತ್ತದೆ. ಅವಳನ್ನು ಒಬ್ಬಳೇ ಸಿಗುವಾಗ ಕರೆದು ಕೇಳು, ನಿನಗೆ ಸರಿಯಾ ಅಂತ. ಅವಳು ಬೇಡ ಎಂದರೆ ಆ ಕಥೆ ನಿಮ್ಮ ನಾಲ್ಕು ಜನರಲ್ಲೇ ಇರಲಿ. ಅದಕ್ಕೇ ನಾನೂ ಇಲ್ಲಿ ನಿನ್ನ ಪತ್ರದ ಒಂದೆರಡು ವಿವರ ಬದಲಿಸಿ ಹಾಕಿದ್ದೇನೆ.